ರೊಟೇಟರ್ ಗುಂಯ್ ಅಂದಿತು, ತಿರುಗಲಿಲ್ಲ

ಮಳೆಗಾಲ ಮುಗಿದು ಅಕ್ಟೋಬರ್ ಸೆಕೆ ಶುರುವಾಗುವ ಹೊತ್ತಿಗೆ ಮುಂಬೈಯಲ್ಲಿ ನಮ್ಮ ಹವ್ಯಾಸಿ ರೇಡಿಯೋದ (ಹ್ಯಾಮ್ ರೇಡಿಯೋ) ಬೀಮ್ ಆಂಟೆನಾ ತಿರುಗುವುದನ್ನೇ ಬಿಟ್ಟಿತು. ಲಿವರ್ ಒತ್ತಿದರೆ ಕಂಟ್ರೋಲರ್ ಪೆಟ್ಟಿಗೆಯಿಂದ ಗುಂಯ್ ಅನ್ನುವ ಸದ್ದು ಬರುತ್ತಿತ್ತು. ಟೆರೇಸಿನ ಮೇಲೆ ಆಂಟೆನಾ ತಿರುಗಿಸುವ ಮೋಟರ್, ಅಂದರೆ ರೊಟೇಟರ್, ಮಾತ್ರ ಅಲ್ಲಾಡುತ್ತಿರಲಿಲ್ಲ. ಎಡಕ್ಕೆ ಒತ್ತಿದರೂ ಅಷ್ಟೇ, ಬಲಕ್ಕೆ ಒತ್ತಿದರೂ ಅಷ್ಟೇ. ಅದಕ್ಕೂ ಮೊದಲು, ಜೋರು ಮಳೆಯ ದಿನಗಳಲ್ಲೇ, ದಿಕ್ಕು ತೋರಿಸುವ ಮೀಟರಿನ ಮುಳ್ಳು ಕುಣಿಯಲು ಶುರು ಮಾಡಿತ್ತು. ಆಂಟೆನಾ ನಿಂತಲ್ಲೇ ಇರುತ್ತಿತ್ತು. ಮುಳ್ಳು ಮಾತ್ರ ಉತ್ತರದಿಂದ ಪಶ್ಚಿಮಕ್ಕೆ ಹಾರಿ ವಾಪಸ್ ಬರುತ್ತಿತ್ತು. ಅಕ್ಟೋಬರ್ ಕೊನೆಯ ವಾರಾಂತ್ಯದಲ್ಲಿ ಸಿಕ್ಯೂ ವರ್ಲ್ಡ್‌ವೈಡ್ ಕಾಂಟೆಸ್ಟಿನ, ಅಂದರೆ ರೇಡಿಯೋದಲ್ಲಿ ಮಾತಾಡುವ ಹವ್ಯಾಸಿಗಳ (ಹ್ಯಾಮ್‌ಗಳ) ಜಾಗತಿಕ ಸ್ಪರ್ಧೆಯ, ಮಾತಿನ ಭಾಗ ನಡೆಯುತ್ತದೆ. ಜಗತ್ತಿನ ಹ್ಯಾಮ್‌ಗಳೆಲ್ಲ ಬ್ಯಾಂಡಿಗೆ ಬರುವ ಹೊತ್ತು ಅದು. ಅಷ್ಟರೊಳಗೆ ಇದನ್ನು ಸರಿ ಮಾಡಲೇಬೇಕಿತ್ತು.

ಹ್ಯಾಮ್ ರೇಡಿಯೋ ಪರಿಚಯ ಇಲ್ಲದವರಿಗೆ ಎರಡು ಮಾತು. ನಮ್ಮದು ಮೂರು ಎಲಿಮೆಂಟಿನ, ಅಂದರೆ ಮೂರು ಅಡ್ಡ ಕೊಳವೆಗಳ, ಯಾಗಿ ಆಂಟೆನಾ. 14, 21 ಮತ್ತು 28 ಮೆಗಾಹರ್ಟ್ಸ್ ಬ್ಯಾಂಡುಗಳಲ್ಲಿ, ಅಂದರೆ ರೇಡಿಯೋ ಆವರ್ತನದ ಪಟ್ಟಿಗಳಲ್ಲಿ, ಕೆಲಸ ಮಾಡುತ್ತದೆ. ಅದು ಮುಖ ಮಾಡಿದ ಕಡೆಗೆ ಸಿಗ್ನಲ್ ಜೋರಾಗಿ ಹೋಗುತ್ತದೆ, ಬೆನ್ನಿಗೆ ಮತ್ತು ಪಕ್ಕಕ್ಕೆ ಕಡಿಮೆ. ಹಾಗಾಗಿ ಯಾರ ಜೊತೆ ಮಾತಾಡಬೇಕೋ ಅವರ ಕಡೆಗೆ ಅದನ್ನು ತಿರುಗಿಸಬೇಕು. ಉತ್ತರವನ್ನು ಸೊನ್ನೆ ಅಂತ ಇಟ್ಟು ಬಲಕ್ಕೆ ಎಣಿಸಿದರೆ ಮುಂಬೈಯಿಂದ ಲಂಡನ್ ಸುಮಾರು 319 ಡಿಗ್ರಿ, ಅಂದರೆ ವಾಯವ್ಯ. ಟೋಕಿಯೋ 59 ಡಿಗ್ರಿ, ಸಿಡ್ನಿ 126. ಗೋಡೆಯ ಭೂಪಟ ನೋಡಿದವರಿಗೆ ನ್ಯೂಯಾರ್ಕ್ ಪಶ್ಚಿಮಕ್ಕಿದೆ ಅನ್ನಿಸುತ್ತದೆ. ಆದರೆ ಗೋಳದ ಮೇಲೆ ಹತ್ತಿರದ ದಾರಿ 333 ಡಿಗ್ರಿ, ಹೆಚ್ಚುಕಡಿಮೆ ಉತ್ತರಕ್ಕೇ. ಬೆಂಗಳೂರಿಗೆ 142. ಆಂಟೆನಾ ಒಂದೇ ಕಡೆ ಮುಖ ಮಾಡಿ ನಿಂತುಬಿಟ್ಟರೆ ಉಳಿದ ಜಗತ್ತು ಮಂಕಾಗುತ್ತದೆ. ನಮ್ಮದು ಆಗ್ನೇಯಕ್ಕೆ ನಿಂತಿತ್ತು. ಯೂರೋಪಿನವರು ಕೇಳಿಸುತ್ತಿದ್ದರು, ನಾನು ಅವರಿಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ.

ನಮ್ಮ ಮನೆ ಮುಲುಂಡ್ ಪೂರ್ವದಲ್ಲಿ, ಮೂರನೇ ಮಹಡಿ. ಆಂಟೆನಾ ಇರುವುದು ಏಳು ಮಹಡಿ ಕಟ್ಟಡದ ಟೆರೇಸಿನಲ್ಲಿ, ನೀರಿನ ಟ್ಯಾಂಕಿನ ಪಕ್ಕ ನಿಲ್ಲಿಸಿದ ಕಂಬದ ಮೇಲೆ. ಪೂರ್ವಕ್ಕೆ ಉಪ್ಪಿನ ಆಗರಗಳು, ಅದರಾಚೆ ಠಾಣೆ ಖಾಡಿ, ಅಂದರೆ ಸಮುದ್ರದ ಹಿನ್ನೀರು. ನೋಟ ಚೆಂದ. ಆದರೆ ಆ ಗಾಳಿಯಲ್ಲಿ ಬರುವ ಉಪ್ಪು ತಾಮ್ರವನ್ನೂ ಬಿಡುವುದಿಲ್ಲ, ಕಬ್ಬಿಣವನ್ನೂ ಬಿಡುವುದಿಲ್ಲ. ಮುಂಬೈಯಲ್ಲಿ ಆಂಟೆನಾ ಹಾಕಿದವರೆಲ್ಲರ ಪಾಡೂ ಇದೇ.

ರೊಟೇಟರ್ ಕೆಟ್ಟರೆ ಎಲ್ಲರ ಮೊದಲ ಯೋಚನೆ ಮೇಲೆ ಹತ್ತಿ ಮೋಟರ್ ಬಿಚ್ಚಿ ಕೆಳಗೆ ತರುವುದು. ನನಗೆ ಮೋರ್ಸ್ ಸಂಕೇತ ಕಲಿಸಿದ ಹಿರಿಯರೊಬ್ಬರು ಡೊಂಬಿವಲಿಯಲ್ಲಿದ್ದಾರೆ. ಊರು ಕುಂದಾಪುರದ ಕಡೆ. ರೈಲ್ವೆಯ ಸಿಗ್ನಲ್ ವಿಭಾಗದಲ್ಲಿದ್ದು ನಿವೃತ್ತರಾದವರು. ನಾನು ಅವರನ್ನು ಮಾಷ್ಟ್ರೇ ಅಂತಲೇ ಕರೆಯುವುದು. ಫೋನ್ ಮಾಡಿ ವಿಷಯ ಹೇಳಿದೆ.

"ಹತ್ತಬೇಡ ಮಾರಾಯ" ಅಂದರು. "ನೀನು ಕೂತಲ್ಲೇ ಕೇಬಲ್ ಬಿಚ್ಚಿ ಅಳೆ. ಮೇಲೆ ಏನಾಗಿದೆ ಅಂತ ಆರು ತಂತಿಯೇ ಹೇಳ್ತದೆ. ಚೀಟಿ ಉಂಟಲ್ಲ?"

ಚೀಟಿ ಇತ್ತು. ರೊಟೇಟರ್ ಹಾಕಿದ ದಿನ ಮಾಷ್ಟ್ರು ತಾವೇ ಮೀಟರ್ ಹಿಡಿದು ಪ್ರತಿ ಜೋಡಿ ತಂತಿಯ ಓಮ್, ಅಂದರೆ ವಿದ್ಯುತ್ತಿಗೆ ಒಡ್ಡುವ ತಡೆ, ಅಳೆದು, ಬರೆದು, ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದ್ದರು. ಯಂತ್ರ ಆರೋಗ್ಯವಾಗಿದ್ದಾಗಿನ ಓದು ಕೈಯಲ್ಲಿದ್ದರೆ ಅರ್ಧ ರಿಪೇರಿ ಆದಂತೆಯೇ. ಹೋಲಿಸಲು ಏನೂ ಇಲ್ಲದಿದ್ದರೆ ಇವತ್ತಿನ ಓದು ಒಳ್ಳೆಯದೋ ಕೆಟ್ಟದ್ದೋ ಹೇಗೆ ಗೊತ್ತಾಗಬೇಕು?

ಈ ರೊಟೇಟರ್ ಒಳಗಿನ ವ್ಯವಸ್ಥೆ ಸರಳ. ಮೇಲೆ ಕಂಬದಲ್ಲಿ 24 ವೋಲ್ಟಿನ ಎಸಿ ಮೋಟರ್ ಇದೆ. ಅದರ ವೇಗವನ್ನು ಗೇರುಗಳು ತಗ್ಗಿಸುತ್ತವೆ. ಪೂರ್ತಿ ಒಂದು ಸುತ್ತಿಗೆ ಸುಮಾರು ಒಂದು ನಿಮಿಷ. ಅದೇ ಗೇರಿಗೆ 500 ಓಮಿನ ಒಂದು ಪೊಟೆನ್ಷಿಯೋಮೀಟರ್ ಜೋಡಿಸಿದ್ದಾರೆ. ನಾವು ಪಾಟ್ ಅನ್ನುತ್ತೇವೆ. ಅದರಲ್ಲಿ ತಡೆಯ ಒಂದು ಹಾದಿ, ಅದರ ಮೇಲೆ ಜಾರುವ ಒಂದು ಬೆರಳು ಇರುತ್ತವೆ. ಆಂಟೆನಾ ತಿರುಗಿದಂತೆ ಪಾಟ್ ತಿರುಗುತ್ತದೆ, ಅದರ ನಡುವಿನ ತಂತಿಯ ವೋಲ್ಟೇಜ್ ಬದಲಾಗುತ್ತದೆ, ಕೆಳಗೆ ಮೀಟರಿನ ಮುಳ್ಳು ದಿಕ್ಕು ತೋರಿಸುತ್ತದೆ. ಕೆಳಗಿನ ಪೆಟ್ಟಿಗೆಯಲ್ಲಿ ಟ್ರಾನ್ಸ್‌ಫಾರ್ಮರ್, ಎರಡು ಲಿವರ್ ಸ್ವಿಚ್, ಮೋಟರಿಗೆ ಬೇಕಾದ ಕೆಪಾಸಿಟರ್, ಪಾಟಿಗೆ ಸ್ಥಿರ ವೋಲ್ಟೇಜ್ ಕೊಡುವ ಚಿಕ್ಕ ಸರ್ಕ್ಯೂಟ್. ಇಷ್ಟೇ. ನಡುವೆ ಆರು ತಂತಿಯ ಕೇಬಲ್, ನಮ್ಮಲ್ಲಿ ಸುಮಾರು 40 ಮೀಟರ್. 1, 2, 3 ಪಾಟಿನವು. 2 ಅಂದರೆ ನಡುವಿನದು. 4 ಮತ್ತು 5 ಮೋಟರಿನ ಎರಡು ಸುರುಳಿಗಳ ತುದಿ, 6 ಎರಡಕ್ಕೂ ಕಾಮನ್. ಈ ನಂಬರುಗಳು ನಮ್ಮ ಸೆಟ್ಟಿನವು. ಬೇರೆ ಕಂಪನಿಯದರಲ್ಲಿ ಬೇರೆ ಇರುತ್ತವೆ, ಕೈಪಿಡಿ ನೋಡಿಯೇ ಕೈ ಹಾಕಬೇಕು.

ಪ್ಲಗ್ ಗೋಡೆಯಿಂದ ತೆಗೆದೆ. ಕೇಬಲ್ಲಿನ ಆರೂ ತಂತಿಗೆ ನಂಬರ್ ಬರೆದ ಟೇಪ್ ಸುತ್ತಿ ಪೆಟ್ಟಿಗೆಯಿಂದ ಬಿಚ್ಚಿದೆ. ಮೊದಲು ಮೋಟರ್. 4 ಮತ್ತು 6ರ ನಡುವೆ 6.1 ಓಮ್. 5 ಮತ್ತು 6ರ ನಡುವೆಯೂ 6.1. 4 ಮತ್ತು 5ರ ನಡುವೆ 10.1. ಚೀಟಿಯಲ್ಲಿ 6.0, 6.0, 10.0.

ಈ ಮೂರು ಅಂಕಿಗಳ ಮುಂದೆ ಸ್ವಲ್ಪ ಹೊತ್ತು ಕೂರಬೇಕು. 4ರಿಂದ 6ಕ್ಕೆ ಅಳೆದಾಗ ಒಂದು ಸುರುಳಿ, ಜೊತೆಗೆ ಹೋಗುವ ಬರುವ ಎರಡು ತಂತಿ ಸಿಗುತ್ತವೆ. 4ರಿಂದ 5ಕ್ಕೆ ಅಳೆದಾಗ ಎರಡು ಸುರುಳಿ, ತಂತಿ ಆಗಲೂ ಎರಡೇ. ಹಾಗಾದರೆ 10.1ರಲ್ಲಿ 6.1 ಕಳೆದರೆ ಉಳಿಯುವುದು ಒಂದು ಸುರುಳಿ ಮಾತ್ರ, 4.0 ಓಮ್. 6.1ರಲ್ಲಿ ಆ 4.0 ಕಳೆದರೆ ಉಳಿದ 2.1 ಓಮ್ ಪೂರ್ತಿ ಕೇಬಲ್ಲಿನದು. ಮುಕ್ಕಾಲು ಚದರ ಮಿಲಿಮೀಟರ್ ತಾಮ್ರದ ತಂತಿ ಕಿಲೋಮೀಟರಿಗೆ 26 ಓಮಿನಷ್ಟು ಇರುತ್ತದೆ. 40 ಮೀಟರ್ ಹೋಗಿ 40 ಮೀಟರ್ ಬಂದರೆ 80 ಮೀಟರ್, ಲೆಕ್ಕ ಹಾಕಿದರೆ 2.1 ಓಮ್. ಸರಿಯಾಗಿ ಕೂತಿತು. ಮೂರನೇ ಮಹಡಿಯ ಕುರ್ಚಿಯಲ್ಲಿ ಕೂತು, ಮೇಲಿರುವ ಮೋಟರಿನ ಎರಡೂ ಸುರುಳಿ ಚೆನ್ನಾಗಿವೆ, ಮೋಟರಿನ ಮೂರು ತಂತಿಗಳಲ್ಲಿ ಎಲ್ಲೂ ಸಡಿಲ ಇಲ್ಲ ಅಂತ ಗೊತ್ತಾಯಿತು. ಈ ಲೆಕ್ಕ ನನಗೆ ಇವತ್ತಿಗೂ ಖುಷಿ ಕೊಡುತ್ತದೆ.

ಒಂದು ಎಚ್ಚರ ಹೇಳಬೇಕು. ಆಂಟೆನಾ ಪೂರ್ತಿ ಎಡ ಅಥವಾ ಬಲದ ತುದಿಯಲ್ಲಿ ನಿಂತಿದ್ದರೆ ಅಲ್ಲಿನ ಲಿಮಿಟ್ ಸ್ವಿಚ್, ಅಂದರೆ ಅದರಾಚೆ ತಿರುಗದಂತೆ ಮೋಟರ್ ನಿಲ್ಲಿಸುವ ಸ್ವಿಚ್, ತೆರೆದಿರುತ್ತದೆ. ಆಗ ಒಂದು ಸುರುಳಿಗೆ ಓದೇ ಬರದಿರಬಹುದು. ಅದು ಸುರುಳಿ ಸುಟ್ಟ ಲಕ್ಷಣ ಅಲ್ಲ.

ಆಮೇಲೆ ಪಾಟ್. ಚೀಟಿಯಲ್ಲಿ 1 ಮತ್ತು 3ರ ನಡುವೆ 502 ಓಮ್ ಅಂತ ಇತ್ತು. ಈಗ 540 ಬಂತು, ಕಣ್ಣೆದುರೇ 610ಕ್ಕೆ ಏರಿತು, ಮತ್ತೆ ಇಳಿಯಿತು. ಮುಳ್ಳಿನ ಮೀಟರ್ ಇದ್ದರೆ ಇಂಥ ಏರಿಳಿತ ಚೆನ್ನಾಗಿ ಕಾಣುತ್ತದೆ. ಡಿಜಿಟಲ್ ಮೀಟರಿನಲ್ಲಿ ಅಂಕಿ ಓಡುತ್ತದೆ, ಎಷ್ಟು ಓಡಿತು ಅಂತ ಹಿಡಿಯುವುದು ಕಷ್ಟ. ನನ್ನ ಹಳೆಯ ಮುಳ್ಳಿನ ಮೀಟರನ್ನೇ ತೆಗೆದೆ.

ಮಾಷ್ಟ್ರಿಗೆ ಮತ್ತೆ ಫೋನ್. ಪಾಟಿನ ಹಾದಿ ಸವೆದಿರಬಹುದಾ ಅಂತ ಕೇಳಿದೆ.

"ಸವೆದದ್ದಾದ್ರೆ 1-3 ಯಾಕೆ ಅಲುಗ್ತದೆ?" ಅಂದರು. "ಅದು ಹಾದಿಯ ಈ ತುದಿಯಿಂದ ಆ ತುದಿ. ನಡುವಿನ ಬೆರಳಿಗೂ ಅದಕ್ಕೂ ಸಂಬಂಧ ಇಲ್ಲ. ಆಂಟೆನಾ ನಿಂತೇ ಉಂಟಲ್ಲ. ನೀನು 1-2 ನೋಡು, 2-3 ನೋಡು. ಯಾವುದು ಅಲುಗ್ತದೆ, ಯಾವುದು ಇಲ್ಲ ಹೇಳು."

ಮಗನನ್ನು ಟೆರೇಸಿಗೆ ಕಳಿಸಿದೆ. ಕಂಬದ ಬುಡದಲ್ಲಿ ಒಂದು ಪ್ಲಗ್ ಇದೆ. ಕೆಳಗಿನಿಂದ ಬರುವ ಕೇಬಲ್ ಅಲ್ಲಿ ರೊಟೇಟರಿನ ಬಾಲದ ತಂತಿಗೆ ಸೇರುತ್ತದೆ. ಅದನ್ನು ಮೆಲ್ಲಗೆ ಅಲುಗಿಸು ಅಂತ ಹೇಳಿದ್ದೆ. ಮೊಬೈಲ್ ಕಿವಿಗೆ, ಮೀಟರಿನ ಪ್ರೋಬ್ ಎರಡೂ ಕೈಗೆ.

"ಪಪ್ಪಾ, ಈಗ ಅಲುಗಿಸ್ತಿದ್ದೀನಿ. ಏನಾದ್ರೂ ಆಯ್ತಾ?"

1-2ರಲ್ಲಿ ಮುಳ್ಳು ನಿಂತಲ್ಲೇ ನಿಂತಿತ್ತು. 2-3ಕ್ಕೆ ಬದಲಿಸಿದೆ. ಅವನು ಮುಟ್ಟಿದ ಕೂಡಲೇ ಮುಳ್ಳು ಹಾರಿತು. 1-3ರಲ್ಲೂ ಹಾರಿತು. ಅಲುಗಿದ ಎರಡೂ ಜೋಡಿಯಲ್ಲಿ ಇರುವುದು 3ನೇ ತಂತಿ, ಅಲುಗದ ಜೋಡಿಯಲ್ಲಿ ಅದಿಲ್ಲ. ಪ್ಲಗ್ ಬಿಚ್ಚುವ ಮೊದಲೇ ಯಾವ ಪಿನ್ ಕೆಟ್ಟಿದೆ ಅಂತ ತಿಳಿದುಹೋಯಿತು. ಪಾಟ್ ಸುರಕ್ಷಿತ. ನಿಜಕ್ಕೂ ಪಾಟ್ ಸವೆದಿದ್ದರೆ ಲಕ್ಷಣ ಬೇರೆ. ಆಂಟೆನಾ ತಿರುಗುವಾಗ ಒಂದು ನಿರ್ದಿಷ್ಟ ದಿಕ್ಕಿಗೆ ಬಂದಾಗ ಮಾತ್ರ ಮುಳ್ಳು ಎಡವುತ್ತದೆ, ಪ್ರತಿ ಸಲ ಅದೇ ಜಾಗದಲ್ಲಿ. ಆಗ ರೊಟೇಟರ್ ಕೆಳಗಿಳಿಸದೆ ಬೇರೆ ದಾರಿ ಇಲ್ಲ. ನಮಗೆ ಆ ಕಷ್ಟ ತಪ್ಪಿತು.

ಹಾಗಾದರೆ ಮುಳ್ಳಿನ ಕುಣಿತಕ್ಕೆ ಕಾರಣ ಸಿಕ್ಕಿತು. ಮೋಟರ್ ತಿರುಗದಿರುವುದಕ್ಕೆ ಅದು ಕಾರಣ ಅಲ್ಲ, ಯಾಕೆಂದರೆ ಪಾಟಿಗೂ ಮೋಟರಿಗೂ ವಿದ್ಯುತ್ ಸಂಬಂಧವೇ ಇಲ್ಲ. ಎರಡು ತೊಂದರೆ ಒಟ್ಟಿಗೆ ಬಂದಾಗ ನಾವು ಒಂದೇ ಕಾರಣ ಹುಡುಕುತ್ತಾ ಹೋಗುತ್ತೇವೆ. ಇಲ್ಲಿ ಕಾರಣ ಎರಡಿದ್ದವು, ಜಾಗವೂ ಎರಡು.

ಈಗ ಪೆಟ್ಟಿಗೆ. ಮೋಟರ್ ಒಂದು ಕಡೆಗೆ ಮಾತ್ರ ತಿರುಗದಿದ್ದರೆ ಆ ಕಡೆಯ ಲಿವರ್ ಸ್ವಿಚ್, ಲಿಮಿಟ್ ಸ್ವಿಚ್ ಅಥವಾ ಆ ಸುರುಳಿಯನ್ನು ಅನುಮಾನಿಸಬೇಕು. ಎರಡೂ ಕಡೆ ಗುಂಯ್ ಅಂದು ನಿಂತರೆ ಎರಡಕ್ಕೂ ಸೇರಿದ ಯಾವುದೋ ಒಂದು ಕೆಟ್ಟಿದೆ. ಅಂದರೆ ಕಾಮನ್ ತಂತಿ, ಟ್ರಾನ್ಸ್‌ಫಾರ್ಮರ್, ಕೆಪಾಸಿಟರ್, ಇಲ್ಲವೇ ಮೇಲೆ ಗೇರ್ ಬಿಗಿದಿರುವುದು. ಕಾಮನ್ ತಂತಿ ಸರಿ ಇದೆ ಅಂತ ಆಗಲೇ ಗೊತ್ತಾಗಿತ್ತು. ಟ್ರಾನ್ಸ್‌ಫಾರ್ಮರಿನ ಎಸಿ ವೋಲ್ಟ್ ಅಳೆದೆ. ಖಾಲಿ ಇದ್ದಾಗ 28, ಮೋಟರ್ ಜೋಡಿಸಿ ಲಿವರ್ ಒತ್ತಿದಾಗ 24ರ ಹತ್ತಿರ. ಅದೂ ಸರಿ. ಉಳಿದದ್ದು ಕೆಪಾಸಿಟರ್ ಅಥವಾ ಗೇರ್.

ಕೆಪಾಸಿಟರ್ ಏನು ಕೆಲಸ ಮಾಡುತ್ತದೆ ಅಂದರೆ, ಮೋಟರಿನ ಎರಡು ಸುರುಳಿಗೂ ಒಂದೇ ಗಳಿಗೆಗೆ ಕರೆಂಟ್ ಹೋದರೆ ಒಳಗಿನ ರೋಟರ್ ನಡುಗುತ್ತದೆಯೇ ಹೊರತು ತಿರುಗುವುದಿಲ್ಲ. ಒಂದು ಸುರುಳಿಯ ಕರೆಂಟ್ ಇನ್ನೊಂದಕ್ಕಿಂತ ಕಾಲು ಸುತ್ತು ಮುಂದೆ ಇರಬೇಕು. ನಮ್ಮ ಅಜ್ಜಿಯರು ಬೀಸುವ ಕಲ್ಲಿಗೆ ಎದುರುಬದುರು ಕೂತು, ಗೂಟ ತನ್ನ ಕಡೆ ಬಂದಾಗ ಒಬ್ಬರು ನೂಕಿ, ಆಚೆ ಹೋದಾಗ ಇನ್ನೊಬ್ಬರು ನೂಕುತ್ತಿದ್ದ ಹಾಗೆ. ಆ ಸರದಿ ತಪ್ಪಿಸದೆ ಕೊಡುವುದು ಕೆಪಾಸಿಟರ್. ಎಡ ಲಿವರ್ ಒತ್ತಿದರೆ ಒಂದು ಸುರುಳಿ ನೇರ, ಇನ್ನೊಂದು ಕೆಪಾಸಿಟರ್ ಮೂಲಕ. ಬಲ ಒತ್ತಿದರೆ ಅದಲು ಬದಲು. ಅದಕ್ಕೇ ಒಂದೇ ಕೆಪಾಸಿಟರ್ ಸತ್ತರೆ ಎರಡೂ ಕಡೆಯ ತಿರುಗಾಟ ನಿಲ್ಲುತ್ತದೆ.

ಮುಚ್ಚಳ ತೆಗೆದೆ. ಒಳಗೆ 230 ವೋಲ್ಟ್ ಬರುವ ಜಾಗ ಇದೆ, ಪ್ಲಗ್ ಕಿತ್ತು ಪಕ್ಕದಲ್ಲೇ ಕಾಣುವಂತೆ ಇಟ್ಟುಕೊಂಡೇ ಕೆಲಸ. ಕೆಪಾಸಿಟರಿನ ಎರಡು ಕಾಲಿಗೆ ಒಂದು ರೆಸಿಸ್ಟರ್ ಮುಟ್ಟಿಸಿ ಉಳಿದ ಚಾರ್ಜ್ ಇಳಿಸಿದೆ. ನೀಲಿ ಹೊದಿಕೆಯ ಉದ್ದನೆಯ ಡಬ್ಬಿ. ಮೇಲೆ 100 ಮೈಕ್ರೋಫ್ಯಾರಡ್, ನಾನ್ ಪೋಲಾರ್ ಅಂತ ಬರೆದಿತ್ತು. ಮೊದಲನೆಯದು ಅದರ ಸಾಮರ್ಥ್ಯ, ಎರಡನೆಯದು ಪ್ಲಸ್ ಮೈನಸ್ ಭೇದ ಇಲ್ಲ ಅಂತ. ಕಾಲುಗಳ ಹತ್ತಿರ ರಬ್ಬರ್ ಬಿರಡೆ ಗಟ್ಟಿಯಾಗಿ ಸೀಳು ಬಿಟ್ಟಿತ್ತು. ಅದರ ಸುತ್ತ ಕಂದು ಬಣ್ಣದ ಕಲೆ. ಹೊರಗೆ ತೆಗೆದು ಕಾಂಪೊನೆಂಟ್ ಟೆಸ್ಟರಿಗೆ ಹಾಕಿದೆ. 34 ಮೈಕ್ರೋಫ್ಯಾರಡ್, ಒಳ ತಡೆ 5 ಓಮಿಗಿಂತ ಜಾಸ್ತಿ.

ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಳಗೆ ದ್ರವ ಇರುತ್ತದೆ. ವರ್ಷ ಕಳೆದಂತೆ ರಬ್ಬರಿನ ಮೂಲಕ ಅದು ಆರುತ್ತಾ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲೇ ಇಟ್ಟರೆ ಇನ್ನೂ ಬೇಗ. 50 ಹರ್ಟ್ಸ್‌ನಲ್ಲಿ 100 ಮೈಕ್ರೋಫ್ಯಾರಡ್ ಒಡ್ಡುವ ತಡೆ ಸುಮಾರು 32 ಓಮ್. 34ಕ್ಕೆ ಇಳಿದಾಗ ಅದೇ ತಡೆ 94 ಓಮ್ ಆಗುತ್ತದೆ. ಮೂರು ಪಟ್ಟು. ಎರಡನೇ ಸುರುಳಿಗೆ ಕರೆಂಟೇ ಸಾಲುವುದಿಲ್ಲ. ಮೋಟರ್ ಹೇಗೆ ಎದ್ದೀತು?

ಡ್ರಾಯರಿನಲ್ಲಿ 220 ಮೈಕ್ರೋಫ್ಯಾರಡ್, 100 ವೋಲ್ಟಿನ ಎರಡು ಮಾಮೂಲಿ ಎಲೆಕ್ಟ್ರೋಲಿಟಿಕ್ ಇದ್ದವು. ಎರಡರ ಮೈನಸ್ ಕಾಲುಗಳನ್ನು ಒಟ್ಟಿಗೆ ಬೆಸೆದರೆ ಹೊರಗೆ ಉಳಿಯುವುದು ಎರಡು ಪ್ಲಸ್. ಹಾಗೆ ಸರಣಿಯಲ್ಲಿ ಹಾಕಿದಾಗ ಬೆಲೆ ಅರ್ಧವಾಗಿ 110 ಸಿಗುತ್ತದೆ, ಎಸಿಯನ್ನೂ ತಾಳುತ್ತದೆ. ಮೊಸಳೆ ಕ್ಲಿಪ್ಪಿನಲ್ಲಿ ಜೋಡಿಸಿ, ಮಗನನ್ನು ಮತ್ತೆ ಟೆರೇಸಿಗೆ ಕಳಿಸಿ, ಬಲ ಲಿವರ್ ಒತ್ತಿದೆ.

"ಪಪ್ಪಾ, ತಿರುಗ್ತಿದೆ! ಟ್ಯಾಂಕ್ ಕಡೆಯಿಂದ ಗೇಟ್ ಕಡೆಗೆ ಹೋಗ್ತಿದೆ."

ಗೇರ್ ಬಿಗಿದಿಲ್ಲ ಅನ್ನುವುದೂ ಅಲ್ಲೇ ಖಾತ್ರಿಯಾಯಿತು. ಆದರೆ ಈ ಜೋಡಿಯನ್ನು ಕಾಯಂ ಇಡುವುದು ನನಗೆ ಇಷ್ಟ ಇಲ್ಲ. ಎಷ್ಟೋ ಜನ ಇಡುತ್ತಾರೆ, ವರ್ಷಗಟ್ಟಲೆ ನಡೆದದ್ದೂ ಇದೆ. ಆದರೆ ಮಾಮೂಲಿ ಎಲೆಕ್ಟ್ರೋಲಿಟಿಕ್ ಇಷ್ಟು ಎಸಿ ಕರೆಂಟಿಗೆ ಮಾಡಿದ್ದಲ್ಲ. ಕಾಂಟೆಸ್ಟಿನಲ್ಲಿ ಮೇಲಿಂದ ಮೇಲೆ ತಿರುಗಿಸುವಾಗ ಬಿಸಿಯಾಗುತ್ತದೆ. ಪರೀಕ್ಷೆಗೆ ಸಾಕು, ಬಾಳಿಕೆಗೆ ಬೇಡ.

ಆ ಹೊತ್ತಿನಲ್ಲಿ ಕೆಪಾಸಿಟರಿನ ಎರಡು ತುದಿಯ ವೋಲ್ಟೇಜ್ ಕೂಡ ಅಳೆದೆ. 41 ವೋಲ್ಟ್ ಎಸಿ. ಟ್ರಾನ್ಸ್‌ಫಾರ್ಮರ್ ಕೊಡುವುದೇ 24, ಇಲ್ಲಿ 41 ಹೇಗೆ ಅನ್ನಿಸಬಹುದು. ಸುರುಳಿ ಮತ್ತು ಕೆಪಾಸಿಟರ್ ಸರಣಿಯಲ್ಲಿದ್ದಾಗ ಕೆಪಾಸಿಟರ್ ಮೇಲೆ ಸಪ್ಲೈಗಿಂತ ಜಾಸ್ತಿ ವೋಲ್ಟೇಜ್ ಏಳುವುದು ಸಹಜ. 41 ವೋಲ್ಟ್ ಎಸಿ ಅಂದರೆ ಶಿಖರದಲ್ಲಿ 58. ಆದ್ದರಿಂದ 24 ವೋಲ್ಟಿನ ಮೋಟರ್ ತಾನೇ ಅಂತ 50 ವೋಲ್ಟಿನ ಮಾಲು ತಂದು ಹಾಕಬಾರದು.

ಠಾಣೆಯ ಗೆಳೆಯನೊಬ್ಬ, ನಮ್ಮವನೇ, ಹುಬ್ಬಳ್ಳಿಯ ಹುಡುಗ, ಬೇರೆ ಸಲಹೆ ಕೊಟ್ಟಿದ್ದ. "ಸರ, ಈ ಹಳೇ ಡಬ್ಬಿ ಯಾಕ ಇಟ್ಕೊಂಡೀರಿ? ಒಂದು ಆರ್ಡುಯಿನೋ ಹಾಕ್ರಿ. ಕಂಪ್ಯೂಟರಿನಿಂದಾನ ತಿರುಗಸಬಹುದು." ಆರ್ಡುಯಿನೋ ಅಂದರೆ ಪ್ರೋಗ್ರಾಂ ಬರೆದು ಬಳಸುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್. ಅವನ ಮಾತಿನಲ್ಲಿ ಹುರುಳಿದೆ. ಯಾಯೆಸು ಕಂಪನಿಯ ಜಿಎಸ್-232 ಅನ್ನುವ ಆದೇಶದ ಕ್ರಮವನ್ನು, ಹ್ಯಾಮ್ ಸಂಪರ್ಕಗಳನ್ನು ದಾಖಲಿಸುವ ಲಾಗಿಂಗ್ ತಂತ್ರಾಂಶಗಳು ಅರ್ಥ ಮಾಡಿಕೊಳ್ಳುತ್ತವೆ, ಆರ್ಡುಯಿನೋಗೂ ಅದನ್ನು ಕಲಿಸಬಹುದು. ಮುಂದೆ ನಾನೂ ಹಾಕುತ್ತೇನೆ. ಆದರೆ ಆರ್ಡುಯಿನೋ ದಿಕ್ಕು ಓದುವುದು ಇದೇ ಪಾಟಿನಿಂದ, ಇದೇ 3ನೇ ತಂತಿಯಿಂದ. ಮೋಟರ್ ಓಡಿಸಲು ಅದಕ್ಕೂ ಇದೇ ಕೆಪಾಸಿಟರ್ ಬೇಕು. ಹಳೆಯದು ಸರಿಯಿಲ್ಲದೆ ಹೊಸದು ಕೂರಿಸಿದರೆ ಮುಳ್ಳಿನ ಬದಲು ಪರದೆಯ ಮೇಲೆ ಅಂಕಿ ಕುಣಿಯುತ್ತಿತ್ತು.

ಸಾಮಾನು ತರಲು ಹೊರಟೆ. ಮುಲುಂಡಿನಿಂದ ದಾದರ್, ಅಲ್ಲಿ ವೆಸ್ಟರ್ನ್ ಲೈನಿಗೆ ಬದಲಿಸಿ ಗ್ರ್ಯಾಂಟ್ ರೋಡ್. ಪೂರ್ವಕ್ಕೆ ಇಳಿದು ನಡೆದರೆ ಲ್ಯಾಮಿಂಗ್ಟನ್ ರೋಡ್. ಹೊಸ ಹೆಸರು ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗ, ಎಲೆಕ್ಟ್ರಾನಿಕ್ಸ್ ಮಂದಿಯ ಬಾಯಲ್ಲಿ ಹಳೆಯದೇ ಉಳಿದಿದೆ. ಏಳು ಪಿನ್ನಿನ ಒಳ್ಳೆಯ ಪ್ಲಗ್ ಸಾಕೆಟ್ ಜೋಡಿ, ಬಿಸಿ ತಾಗಿದರೆ ಕುಗ್ಗಿ ಹಿಡಿಯುವ, ಒಳಗೆ ಅಂಟು ಇರುವ ಹೀಟ್‌ಶ್ರಿಂಕ್ ಕೊಳವೆ, ತನ್ನಷ್ಟಕ್ಕೇ ಬೆಸೆದುಕೊಳ್ಳುವ ರಬ್ಬರ್ ಟೇಪ್ ಸಿಕ್ಕಿದವು. 100 ಮೈಕ್ರೋಫ್ಯಾರಡ್ ನಾನ್ ಪೋಲಾರ್ ಕೇಳಿದರೆ ಅಂಗಡಿಯವರು ಸ್ಪೀಕರಿಗೆ ಹಾಕುವ ಪುಟ್ಟ ಮಾಲು ತೋರಿಸಿದರು. ಒಬ್ಬರು ಫ್ಯಾನ್ ಕೆಪಾಸಿಟರ್ ಎತ್ತಿ ಕೊಟ್ಟರು, 2.5 ಮೈಕ್ರೋಫ್ಯಾರಡ್. 230 ವೋಲ್ಟಿನ ಫ್ಯಾನಿಗೆ ಅಷ್ಟು ಸಾಕು. ಅದರ ತಡೆ 1,270 ಓಮ್. ನಮ್ಮ ಮೋಟರಿನದು ಕಡಿಮೆ ವೋಲ್ಟೇಜು, ಜಾಸ್ತಿ ಕರೆಂಟು. ಇಲ್ಲಿ ಅದು ಏನೂ ಮಾಡದು.

ಕೊನೆಗೆ ಬೇಕಾದದ್ದು ಸಿಕ್ಕಿದ್ದು ನಮ್ಮ ಬೀದಿಯ ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ. ನೀರಿನ ಪಂಪಿಗೆ ಹಾಕುವ ಸ್ಟಾರ್ಟಿಂಗ್ ಕೆಪಾಸಿಟರ್, 100-120 ಮೈಕ್ರೋಫ್ಯಾರಡ್, 275 ವೋಲ್ಟ್ ಎಸಿ. ಕಪ್ಪು ಪ್ಲಾಸ್ಟಿಕ್ ಡಬ್ಬಿ. ಪಂಪಿನಲ್ಲಿ ಇದು ಕೆಲವೇ ಸೆಕೆಂಡ್ ಕೆಲಸ ಮಾಡಿ ಬಿಡುವು ತೆಗೆದುಕೊಳ್ಳುತ್ತದೆ. ನಮ್ಮಲ್ಲಿ ಒಂದು ಸಲಕ್ಕೆ ಹೆಚ್ಚೆಂದರೆ ಒಂದು ನಿಮಿಷ, ಆದರೆ ಅದರ ಮೇಲೆ ಬೀಳುವುದು 275 ಅಲ್ಲ, 41 ವೋಲ್ಟ್. ಆರಾಮಾಗಿ ತಾಳುತ್ತದೆ. ಅಂಗಡಿಯಲ್ಲೇ ಟೆಸ್ಟರಿಗೆ ಹಾಕಿ ನೋಡಿದೆ, 108. ಹಳೆಯ ಡಬ್ಬಿ ಇದ್ದ ಜಾಗದಲ್ಲಿ ಇದು ಹಿಡಿಸುವುದಿಲ್ಲ. ಎಲೆಕ್ಟ್ರಿಷಿಯನ್‌ಗಳು ಬಳಸುವ ಪ್ಲಾಸ್ಟಿಕ್ ಬಾಕ್ಸ್ ಒಂದನ್ನು ಕಂಟ್ರೋಲರಿನ ಬೆನ್ನಿಗೆ ಸ್ಕ್ರೂ ಮಾಡಿ ಅದರೊಳಗೆ ಕೂರಿಸಿದೆ. ಟ್ರಾನ್ಸ್‌ಫಾರ್ಮರಿನ ಬಿಸಿಯಿಂದಲೂ ದೂರವಾಯಿತು. ಮುಚ್ಚಳ ತೆಗೆದಿದ್ದಾಗಲೇ ಎರಡೂ ಲಿವರ್ ಸ್ವಿಚ್ಚಿನ ಕಾಂಟ್ಯಾಕ್ಟ್ ಒರೆಸಿದೆ. ಎರಡು ಪಿನ್ನಿನ ಹಳೆಯ ವೈರ್ ತೆಗೆದು ಅರ್ತಿಂಗ್ ಇರುವ ಮೂರು ಪಿನ್ನಿನದು ಹಾಕಿದೆ. ಲೋಹದ ಪೆಟ್ಟಿಗೆಗೆ ಅರ್ತಿಂಗ್ ಬೇಕೇ ಬೇಕು.

ಟೆರೇಸಿನ ಕೆಲಸ ಬೆಳಗ್ಗೆ ಬೇಗ ಇಟ್ಟುಕೊಂಡೆ. ಬಿಸಿಲೇರಿದ ಮೇಲೆ ಅಲ್ಲಿ ಕೂರಲಾಗುವುದಿಲ್ಲ. ಕೆಳಗೆ ರೇಡಿಯೋದಿಂದ ಆಂಟೆನಾದ ಕೇಬಲ್ ಕೋಆಕ್ಸ್ ಕಿತ್ತು, ಕಂಟ್ರೋಲರಿನ ಪ್ಲಗ್ ತೆಗೆದು ಬಂದಿದ್ದೆ. ಮಾಷ್ಟ್ರು ಡೊಂಬಿವಲಿಯಿಂದ ಮೊದಲ ಲೋಕಲ್ ಹಿಡಿದು ಬಂದಿದ್ದರು. ವಾಚ್‌ಮನ್ ಬೀಗ ತೆಗೆದು "ಕಾಯ್ ಝಾಲಂ ಸಾಹೇಬ್?" ಅಂತ ಕೇಳಿ ಅಲ್ಲೇ ನಿಂತ.

ಪ್ಲಗ್ಗಿನ ಟೇಪ್ ಬಿಚ್ಚಿದಾಗ ಒಳಗಿನಿಂದ ಒಂದೆರಡು ಹನಿ ನೀರು ಬಿತ್ತು. ಮಳೆ ನಿಂತು ವಾರಗಳಾದರೂ ಅದು ಆರಿರಲಿಲ್ಲ. ಪಿನ್ನುಗಳ ಬುಡದಲ್ಲಿ ಹಸಿರು ಕಿಲುಬು. 3ನೇ ಪಿನ್ ಎಲ್ಲಕ್ಕಿಂತ ಕೆಳಗಿತ್ತು, ನೀರು ಇಳಿದು ನಿಲ್ಲುವ ಜಾಗ. ಆ ಪಿನ್ನಿನ ಸುತ್ತ ಕಿಲುಬು ಹಿಟ್ಟಿನಂತೆ ಉದುರುತ್ತಿತ್ತು. ತಂತಿಯನ್ನು ಮೆಲ್ಲಗೆ ಎಳೆದರೆ ಎರಡೋ ಮೂರೋ ಎಳೆಗಳ ಮೇಲೆ ಅದು ನೇತಾಡುತ್ತಿತ್ತು. ಉಳಿದ ಎಳೆಗಳು ತುಂಡಾಗಿ ಕಪ್ಪಾಗಿದ್ದವು. ಪ್ಲಗ್ ಕತ್ತರಿಸಿ ತಂತಿಯ ಹೊದಿಕೆ ಸುಲಿದೆ. ಒಳಗಿನ ತಾಮ್ರವೂ ಕಪ್ಪು. ಇನ್ನಷ್ಟು ಸುಲಿದೆ, ಇನ್ನೂ ಕಪ್ಪು. ಎಳೆಗಳ ನಡುವಿನ ಸಂದಿಯಲ್ಲಿ ನೀರು ತಾನಾಗಿ ಒಳಗೆ ಹೀರಿಕೊಂಡು ಹೋಗುತ್ತದೆ.

"ಕಪ್ಪು ತಾಮ್ರಕ್ಕೆ ಬೆಸುಗೆ ಹಿಡಿಯೂದಿಲ್ಲ ಮಾರಾಯ, ಹೊಳಪು ಬರುವ ತನಕ ಕತ್ತರಿಸು" ಅಂದರು ಮಾಷ್ಟ್ರು. ಹೊಳಪು ಬರುವ ಹೊತ್ತಿಗೆ ಒಂದು ಮೊಳದಷ್ಟು ಕೇಬಲ್ ಹೋಯಿತು. ಕಂಬದ ಬುಡದಲ್ಲಿ ಸುತ್ತಿಟ್ಟ ಹೆಚ್ಚುವರಿ ಕೇಬಲ್ ಇದ್ದದ್ದು ಈಗ ಕೆಲಸಕ್ಕೆ ಬಂತು.

ಹೊಸ ಪ್ಲಗ್ಗಿಗೆ ಆರೂ ತಂತಿ ಬೆಸೆದೆ. ಪ್ರತಿ ಪಿನ್ನಿಗೆ ಅಂಟಿನ ಹೀಟ್‌ಶ್ರಿಂಕ್. ಜೋಡಿಸಿದ ಮೇಲೆ ಇಡೀ ಪ್ಲಗ್ಗಿಗೆ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿದೆ. ಹಾಗೆ ಸುತ್ತಿದರೆ ಮೇಲಿನ ಪದರ ಕೆಳಗಿನದರ ಮೇಲೆ ಹಂಚು ಹೊದಿಸಿದಂತೆ ಕೂತು ನೀರು ಒಳಗೆ ಇಳಿಯುವುದಿಲ್ಲ. ಅದರ ಮೇಲೆ ಬಿಸಿಲು ತಡೆಯಲು ಕಪ್ಪು ಪಿವಿಸಿ ಟೇಪ್. ಪ್ಲಗ್ಗಿನ ಎರಡೂ ಪಕ್ಕದಲ್ಲಿ ಕೇಬಲ್ ಕೆಳಕ್ಕೆ ಬಾಗುವಂತೆ ಕಟ್ಟಿದೆವು. ತಂತಿಯ ಮೇಲೆ ಹರಿದು ಬರುವ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಬೇಕು, ಪ್ಲಗ್ ತನಕ ಬರಬಾರದು. ಸಿಲಿಕೋನ್ ಮೆತ್ತುವವರಿಗೆ ಒಂದು ಮಾತು. ವಿನೆಗರ್ ವಾಸನೆ ಬರುವ ಸಿಲಿಕೋನ್ ತಾಮ್ರದ ಹತ್ತಿರ ಬೇಡ. ಅದು ಒಣಗುವಾಗ ಬಿಡುವ ಆಮ್ಲವೇ ಕಿಲುಬು ತರುತ್ತದೆ. ವಾಸನೆ ಇಲ್ಲದ ನ್ಯೂಟ್ರಲ್ ಬಗೆಯದು ಸಿಗುತ್ತದೆ, ಅದನ್ನೇ ಕೇಳಿ ತೆಗೆದುಕೊಳ್ಳಬೇಕು.

ಕೆಳಗಿಳಿದು ಮತ್ತೆ ಅಳೆದೆವು. 1-3ರಲ್ಲಿ 502, ಮಗ ಮೇಲೆ ಎಷ್ಟು ಅಲುಗಿಸಿದರೂ 502. ಪೆಟ್ಟಿಗೆಗೆ ಕೇಬಲ್ ಸೇರಿಸಿ ಲಿವರ್ ಒತ್ತಿದಾಗ ಮುಳ್ಳು ಮೆತ್ತಗೆ ಸಾಗಿತು. ಪೂರ್ತಿ ಎಡದ ತುದಿಗೆ ಒಯ್ದು ಸೊನ್ನೆ ಹೊಂದಿಸಿದೆ. ಬಲದ ತುದಿಗೆ ಒಯ್ದು ಹಿಂಬದಿಯ ಪುಟ್ಟ ಸ್ಕ್ರೂ ತಿರುಗಿಸಿ ಮುಳ್ಳನ್ನು ಕೊನೆಯ ಗೆರೆಗೆ ಕೂರಿಸಿದೆ. ನಮ್ಮ ತುದಿಗಳು ದಕ್ಷಿಣದಲ್ಲಿವೆ. ಭಾರತದಲ್ಲಿರುವವರಿಗೆ ಇದೇ ಒಳ್ಳೆಯದು. ಯೂರೋಪ್, ಅಮೆರಿಕ, ಜಪಾನ್ ಮೂರೂ ಉತ್ತರದ ಅಕ್ಕಪಕ್ಕ ಬರುತ್ತವೆ. ತುದಿ ಉತ್ತರದಲ್ಲಿದ್ದರೆ ಲಂಡನ್ನಿನಿಂದ ಟೋಕಿಯೋಗೆ ಹೋಗಲು ಸುಮಾರು ಮುಕ್ಕಾಲು ಸುತ್ತು ಹಾಕಬೇಕಾಗುತ್ತದೆ.

ಮೀಟರ್ ಹೇಳುವ ಉತ್ತರವೂ ಆಂಟೆನಾದ ಉತ್ತರವೂ ಒಂದೇನಾ ಅಂತ ನೋಡುವುದು ಉಳಿದಿತ್ತು. ಮುಂಬೈಯಲ್ಲಿ ದಿಕ್ಸೂಚಿಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಒಂದು ಡಿಗ್ರಿಯಷ್ಟೂ ಅಂತರ ಇಲ್ಲ. ಆದರೆ ಕಬ್ಬಿಣದ ಕಂಬದ ಪಕ್ಕ ದಿಕ್ಸೂಚಿ ಹಿಡಿದರೆ ಅದು ಕಂಬದ ಮಾತು ಕೇಳುತ್ತದೆ. ಟೆರೇಸಿನ ಮೂಲೆಗೆ ಹೋಗಿ, ದೂರದಿಂದ ಬೂಮಿನ, ಅಂದರೆ ಆಂಟೆನಾದ ಉದ್ದನೆಯ ನಡುಕೊಳವೆಯ, ಸಾಲು ನೋಡಿ ಹೊಂದಿಸಿದೆವು. ಆಮೇಲೆ ಗಾಳಿಯಲ್ಲೇ ಪರೀಕ್ಷೆ. 14.100 ಮೆಗಾಹರ್ಟ್ಸ್‌ನಲ್ಲಿ ಜಗತ್ತಿನ ಬೇರೆ ಬೇರೆ ಕಡೆ ತಾನಾಗಿ ಸಿಗ್ನಲ್ ಬಿಡುವ 18 ಬೀಕನ್‌ಗಳು ಸರದಿಯಂತೆ ಹತ್ತು ಹತ್ತು ಸೆಕೆಂಡ್ ಸಿಗ್ನಲ್ ಕಳಿಸುತ್ತವೆ. ಮೂರು ನಿಮಿಷಕ್ಕೆ ಒಂದು ಸುತ್ತು. ಪ್ರತಿಯೊಂದೂ ತನ್ನ ಹೆಸರನ್ನು ಮೋರ್ಸ್‌ನಲ್ಲಿ ಹೇಳಿ, 100 ವಾಟ್, 10, 1, ಕೊನೆಗೆ 0.1 ವಾಟಿನಲ್ಲಿ ಒಂದೊಂದು ಗೆರೆ (ಉದ್ದನೆಯ ಸದ್ದು) ಒತ್ತುತ್ತದೆ. ಕೊಲಂಬೊದ 4ಎಸ್7ಬಿ ನಮಗೆ 150 ಡಿಗ್ರಿ, ಜಪಾನಿನ ಜೆಎ2ಐಜಿವೈ ಸುಮಾರು 60.

ಆಂಟೆನಾದ ಮುಖದ ಕಡೆ ಸಿಗ್ನಲ್ ಅಗಲವಾಗಿ ಹರಡಿರುತ್ತದೆ. ಹತ್ತು ಡಿಗ್ರಿ ಆಚೀಚೆ ಆದರೂ ವ್ಯತ್ಯಾಸ ತಿಳಿಯುವುದಿಲ್ಲ. ಪಕ್ಕದ ಕಡೆ ಹಾಗಲ್ಲ, ಅಲ್ಲಿ ಸಿಗ್ನಲ್ ಚಕ್ಕನೆ ಕುಸಿಯುವ ಒಂದು ಇಕ್ಕಟ್ಟಾದ ಜಾಗ ಇದೆ. ಆ ಜಾಗವನ್ನು ಹುಡುಕಿದರೆ ಅದಕ್ಕೆ 90 ಡಿಗ್ರಿ ಆಚೆಗೆ ಮುಖ ಇದೆ ಅಂತ ಗೊತ್ತಾಗುತ್ತದೆ. ಕೊಲಂಬೊದ ಸರದಿ ಬಂದಾಗಲೆಲ್ಲ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಹೋದೆವು. ಮೀಟರ್ 62 ತೋರಿಸುವಾಗ ಅದು ಪೂರ್ತಿ ಮುಳುಗಿತು. ಕೊಲಂಬೊದ 150ರಲ್ಲಿ 90 ಕಳೆದರೆ 60 ಆಗಬೇಕಿತ್ತು. ಎರಡು ಡಿಗ್ರಿ ವ್ಯತ್ಯಾಸ ಈ ಆಂಟೆನಾಕ್ಕೆ ಲೆಕ್ಕಕ್ಕಿಲ್ಲ.

"ಸಾಕು, ಇನ್ನು ಮುಟ್ಟಬೇಡ" ಅಂದರು ಮಾಷ್ಟ್ರು. ಕಾಫಿ ಕುಡಿದು, ಹಳೆಯ ಚೀಟಿಯ ಕೆಳಗೆ ಹೊಸ ಓದುಗಳನ್ನು ತಾವೇ ಬರೆದರು. ಕೆಪಾಸಿಟರಿನ 108, ಅದರ ಮೇಲಿನ 41 ವೋಲ್ಟ್ ಕೂಡ ಸೇರಿಸಿದರು.

ಕಾಂಟೆಸ್ಟಿನ ಎರಡೂ ದಿನ ರೊಟೇಟರ್ ಬಿಡುವಿಲ್ಲದೆ ದುಡಿಯಿತು. ಬೆಳಗ್ಗೆ ಜಪಾನ್, ಮಧ್ಯಾಹ್ನದ ಮೇಲೆ ಯೂರೋಪ್. ನಡುನಡುವೆ ಬೆನ್ನಿನ ಬಾಕ್ಸ್ ಮುಟ್ಟಿ ನೋಡಿದೆ, ತಣ್ಣಗಿತ್ತು. ಇನ್ನೊಂದು ಕೆಲಸ ಬಾಕಿ ಇದೆ. ಮುಂದಿನ ಜೂನ್ ಒಳಗೆ ಮೋಟರಿನ ಮೂರು ತಂತಿಗೆ 1.5 ಚದರ ಮಿಲಿಮೀಟರಿನ ಕೇಬಲ್ ಎಳೆಯಬೇಕು. ಈಗಿನ 2.1 ಓಮ್ ಅರ್ಧಕ್ಕಿಳಿಯುತ್ತದೆ, ಗಾಳಿ ಜೋರಿದ್ದಾಗ ಮೋಟರ್ ಏದುಸಿರು ಬಿಡುವುದು ತಪ್ಪುತ್ತದೆ. ಸೊಸೈಟಿಯ ಸೆಕ್ರೆಟರಿಯವರ ಹತ್ತಿರ ಕೇಬಲ್ ಇಳಿಯುವ ಡಕ್ಟಿನ ಬೀಗದ ಕೈ ಕೇಳಿಟ್ಟಿದ್ದೇನೆ. ದೀಪಾವಳಿ ಕಳೆಯಲಿ, ಕೊಡುತ್ತೇನೆ ಅಂದಿದ್ದಾರೆ.